ಕೆರಿಬಿಯನ್ ಕಡಲಲ್ಲಿ ಆರಾಮಾಗಿ ಡೈವಿಂಗ್: ಬೊನೇರ್, ಕೊಸುಮೆಲ್, ರೊವಾಟಾನ್, ಕೇಮನ್ ಪೈಕಿ ಯಾವುದು ನಿಮಗೆ?

ಡಲ್ಲಾಸ್‌ನಲ್ಲಿರುವ ನನ್ನ ತಂಗಿ ಕಳೆದ ತಿಂಗಳು ಫೋನ್ ಮಾಡಿದಳು. "ಅಕ್ಕಾ, ಮಾರ್ಚ್‌ನಲ್ಲಿ ಒಂದು ವಾರ ರಜೆ ಇದೆ. ಕೆರಿಬಿಯನ್‌ಗೆ ಹೋಗಿ ಡೈವ್ ಮಾಡೋಣ ಅಂದರೆ ಇವರೂ ಒಪ್ಪಿದ್ದಾರೆ. ಆದರೆ ಜಾಸ್ತಿ ಓಡಾಟ ಬೇಡ. ಎಲ್ಲಿಗೆ ಹೋಗಲಿ?"

ನಾನು ಆ ಕಡೆ ನಾಲ್ಕು ದ್ವೀಪಗಳಲ್ಲಿ ನೀರಿಗಿಳಿದಿದ್ದೇನೆ. ಆದರೂ ತಕ್ಷಣ ಒಂದು ಹೆಸರು ಹೇಳಲು ಆಗಲಿಲ್ಲ. "ಓಡಾಟ ಬೇಡ" ಅನ್ನುವ ಮಾತಿಗೆ ಒಬ್ಬೊಬ್ಬರಲ್ಲಿ ಒಂದೊಂದು ಅರ್ಥ. ಕೆಲವರಿಗೆ ರಜೆಯಲ್ಲೂ ಅಲಾರಾಂ ಇಟ್ಟು ಏಳುವುದೇ ದೊಡ್ಡ ಕಷ್ಟ. ಕೆಲವರು ಎಷ್ಟು ಬೇಗ ಬೇಕಾದರೂ ಏಳುತ್ತಾರೆ, ಉಸಿರಾಡುವ ಗಾಳಿಯ ಟ್ಯಾಂಕ್ ಹೊರುವುದು ಮಾತ್ರ ಆಗುವುದಿಲ್ಲ. ತುಂಬಿದ ಟ್ಯಾಂಕ್ ಅಂದರೆ ಸುಮಾರು 16 ಕಿಲೋ, ಅದರ ಮೇಲೆ ನೀರಲ್ಲಿ ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ ಬೇರೆ. ಇನ್ನು ಕೆಲವರಿಗೆ ದಿನಾ "ಇವತ್ತು ಎಲ್ಲಿಗೆ, ಎಷ್ಟು ಆಳಕ್ಕೆ" ಅಂತ ತಲೆ ಓಡಿಸುವುದೇ ಬೇಡ. ಹಾಗಾಗಿ ಮೊದಲು ನಿಮಗೆ ಯಾವ ಶ್ರಮ ಬೇಡ ಅಂತ ಗಟ್ಟಿ ಮಾಡಿಕೊಳ್ಳಿ. ದ್ವೀಪ ಆಮೇಲೆ ತಾನಾಗಿಯೇ ಸಿಗುತ್ತದೆ.

ನಾವಿಬ್ಬರೂ ಡೈವಿಂಗ್ ಕಲಿತಿದ್ದು ನೇತ್ರಾಣಿಯಲ್ಲಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೋಣಿಯಲ್ಲಿ ಹೋಗಬೇಕು. ಅಲೆ ಎದ್ದ ದಿನ ನೀರಿಗಿಳಿಯುವ ಹೊತ್ತಿಗೆ ಅರ್ಧ ಜನಕ್ಕೆ ಹೊಟ್ಟೆ ತೊಳಸಿರುತ್ತದೆ. ಕೆರಿಬಿಯನ್‌ನಲ್ಲಿ ಹಾಗಲ್ಲ. ಎಷ್ಟೋ ಕಡೆ ಹವಳ ದಡದ ಪಕ್ಕದಲ್ಲೇ ಇದೆ. ನೀರು ವರ್ಷವಿಡೀ 26ರಿಂದ 29 ಡಿಗ್ರಿ. ತೆಳು ವೆಟ್‌ಸೂಟ್ ಸಾಕು. ಇನ್ನು ಉಳಿದಿದ್ದು ಯಾರು ಏನು ಹೊರಬೇಕು ಅನ್ನುವುದು ಮಾತ್ರ.

ಬೊನೇರ್: ಸಮಯ ನಿಮ್ಮದು, ಭಾರವೂ ನಿಮ್ಮದು

ವೆನೆಜುವೆಲಾದ ಉತ್ತರಕ್ಕಿರುವ ಪುಟ್ಟ ದ್ವೀಪ. 2010ರಿಂದ ನೆದರ್‌ಲ್ಯಾಂಡ್ಸ್‌ನ ವಿಶೇಷ ಪುರಸಭೆ. ಆದರೆ ನಡೆಯುವುದು ಅಮೆರಿಕನ್ ಡಾಲರ್. ಅಲ್ಲಿನ ಗಾಡಿಗಳ ನಂಬರ್ ಪ್ಲೇಟ್ ಮೇಲೇ "ಡೈವರ್ಸ್ ಪ್ಯಾರಡೈಸ್" ಅಂತ ಬರೆದಿರುತ್ತದೆ.

ಇಲ್ಲಿನ ಪದ್ಧತಿ ಸರಳ. ಬಾಡಿಗೆಗೆ ಒಂದು ಪಿಕಪ್ ಟ್ರಕ್ ತೆಗೆದುಕೊಳ್ಳುತ್ತೀರಿ. ಪೆಟ್ರೋಲ್ ಬಂಕ್‌ಗೆ ಹೋದ ಹಾಗೆ ಡೈವ್ ಶಾಪ್ ಮುಂದೆ ನಿಲ್ಲಿಸಿ ಹಿಂದೆ ನಾಲ್ಕು ಟ್ಯಾಂಕ್ ಹಾಕಿಕೊಳ್ಳುತ್ತೀರಿ. ಕರಾವಳಿ ರಸ್ತೆಯಲ್ಲಿ ಹೋಗುತ್ತಾ ಇದ್ದರೆ ಪಕ್ಕದಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳು ಕಾಣುತ್ತವೆ. ಕಲ್ಲಿನ ಮೇಲೆ ಡೈವ್ ಜಾಗದ ಹೆಸರು. ಇಷ್ಟವಾದಲ್ಲಿ ಗಾಡಿ ನಿಲ್ಲಿಸಿ, ಇಳಿಯಿರಿ. ಗುರುತು ಹಾಕಿದ ಇಂಥ ಜಾಗಗಳು 80ಕ್ಕೂ ಹೆಚ್ಚಿವೆ. ಅರ್ಧಕ್ಕಿಂತ ಜಾಸ್ತಿ ಜಾಗಕ್ಕೆ ದಡದಿಂದಲೇ ನಡೆದು ಹೋಗಬಹುದು. ಬೆಳಿಗ್ಗೆ ಹತ್ತಕ್ಕೆ ಎದ್ದು, ದೋಸೆ ಹುಯ್ದುಕೊಂಡು ತಿಂದು, ಹನ್ನೊಂದೂವರೆಗೆ ನೀರಿಗಿಳಿದರೂ ಯಾರೂ ಕೇಳುವುದಿಲ್ಲ.

ಇದು ಸಾಧ್ಯವಾಗಿರುವುದಕ್ಕೆ ಕಾರಣ ಗಾಳಿ. ವರ್ಷದ ಬಹುಪಾಲು ಗಾಳಿ ಪೂರ್ವದಿಂದ ಬೀಸುತ್ತದೆ. ದ್ವೀಪವೇ ಅಡ್ಡ ನಿಂತು ಪಶ್ಚಿಮದ ದಡವನ್ನು ಕಾಯುತ್ತದೆ. ಅಲ್ಲಿ ಸಮುದ್ರ ಕೆರೆಯ ಹಾಗೆ ಇರುತ್ತದೆ. ಇನ್ನೊಂದು ಕಾರಣ, ಆ ಊರಿನವರು ಬೇಗ ಎಚ್ಚೆತ್ತುಕೊಂಡಿದ್ದು. 1962ರಲ್ಲಿ ಅಲ್ಲಿಗೆ ಬಂದು ನೆಲೆಸಿದ ಕ್ಯಾಪ್ಟನ್ ಡಾನ್ ಸ್ಟೂವರ್ಟ್ ಅವರು ಡೈವಿಂಗ್ ಬೆಳೆಸಿದ್ದೂ ಹೌದು, ಹವಳದ ಮೇಲೆ ಲಂಗರು ಎಸೆಯುವುದನ್ನು ನಿಲ್ಲಿಸಲು ಹೋರಾಡಿದ್ದೂ ಹೌದು. 1979ರಲ್ಲೇ ಸುತ್ತಲ ಸಮುದ್ರವನ್ನು ರಕ್ಷಿತ ಉದ್ಯಾನ ಮಾಡಿದರು. ಅಲ್ಲಿ ಕೈಗವಸು ಹಾಕುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ. ಮೊದಲ ದಿನ ಎಲ್ಲರೂ ಪಾರ್ಕ್ ಶುಲ್ಕ ಕಟ್ಟಿ, ನಿಯಮಗಳನ್ನು ಕೇಳಿ, ಒಂದು ಪರೀಕ್ಷಾ ಡೈವ್ ಮಾಡಲೇಬೇಕು. ಇದನ್ನು ತೊಂದರೆ ಅಂದುಕೊಳ್ಳಬೇಡಿ. ನಿಮಗೆ ಎಷ್ಟು ತೂಕ ಬೇಕು ಅಂತ ಅಲ್ಲೇ ಸರಿಮಾಡಿಕೊಂಡರೆ ವಾರವಿಡೀ ಸುಖ.

ಈಗ ಭಾರದ ಮಾತು. ಹಳದಿ ಕಲ್ಲಿನ ಪಕ್ಕ ಗಾಡಿ ನಿಲ್ಲಿಸಿದ ಮೇಲೆ ಏನಾಗುತ್ತದೆ ನೋಡಿ. ಟ್ರಕ್ಕಿನ ಹಿಂಬದಿಗೆ ಬೆನ್ನು ಕೊಟ್ಟು ಟ್ಯಾಂಕ್ ಏರಿಸಿಕೊಳ್ಳುತ್ತೀರಿ. ನೆತ್ತಿ ಮೇಲೆ ಬಿಸಿಲು, ಮೈಗಂಟಿದ ವೆಟ್‌ಸೂಟ್. ಹತ್ತಿಪ್ಪತ್ತು ಹೆಜ್ಜೆ, ಅಷ್ಟೇ. ಆದರೆ ಆ ನೆಲ ಮರಳಲ್ಲ. ಮುರಿದ ಹವಳದ ತುಂಡುಗಳು ಕಾಲಡಿ ಜರಿಯುತ್ತವೆ. ನೀರಂಚಿನಲ್ಲಿ ಪಾಚಿ ಹತ್ತಿದ ಕಲ್ಲು. ಮೊಣಕಾಲು ಮಟ್ಟದ ನೀರಲ್ಲಿ ಚಿಕ್ಕ ಅಲೆಯೂ ನಿಮ್ಮನ್ನು ಪಕ್ಕಕ್ಕೆ ದೂಡುತ್ತದೆ. ಜೊತೆಗಾರರ ತೋಳು ಹಿಡಿದು, ಸೊಂಟದ ಮಟ್ಟ ಬಂದ ಕೂಡಲೇ ಮಲಗಿ ತೇಲಿಬಿಡಬೇಕು. ಆಗ ಭಾರವೆಲ್ಲ ಒಂದೇ ಸಲಕ್ಕೆ ಮಾಯ. ಮೊದಲು ಮರಳ ಬಯಲು, ಆಮೇಲೆ ಸುಮಾರು ಹತ್ತು ಮೀಟರ್ ಆಳದಲ್ಲಿ ಹವಳದ ಇಳಿಜಾರು ಶುರು. ಗಿಳಿಮೀನುಗಳು ಹವಳ ಕಚ್ಚುವ ಕಟಕಟ ಸದ್ದು ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ.

ಗಟ್ಟಿ ಅಟ್ಟೆಯ ಬೂಟು, ಅದರ ಮೇಲೆ ಹಾಕುವ ಪಟ್ಟಿಯ ಫಿನ್ (ಈಜುರೆಕ್ಕೆ), ಇವೆರಡೂ ಇಲ್ಲದೆ ಬೊನೇರ್‌ಗೆ ಹೋಗಬೇಡಿ. ಟ್ಯಾಂಕ್ ತೆಗೆದುಕೊಳ್ಳುವಾಗ ಒತ್ತಡವನ್ನು ಅಲ್ಲೇ ನೋಡಿ. ಒಂದು ಅಂಗಡಿಯಲ್ಲಿ ನಮಗೆ ಅರ್ಧ ತುಂಬಿದ ಟ್ಯಾಂಕ್ ಬಂದಿತ್ತು. ಗೊತ್ತಾಗಿದ್ದು ದ್ವೀಪದ ತುದಿಗೆ ಹೋಗಿ ಉಸಿರಾಟದ ಕೊಳವೆ, ಅಂದರೆ ರೆಗ್ಯುಲೇಟರ್, ಸಿಕ್ಕಿಸಿದ ಮೇಲೆ. ಅವತ್ತಿನ ಒಂದು ಡೈವ್ ಹೋಯಿತು. ಗಾಡಿಯಲ್ಲಿ ಬೆಲೆಬಾಳುವುದು ಏನನ್ನೂ ಬಿಡಬೇಡಿ. ಕಳ್ಳತನ ಆಗುತ್ತದೆ. ಕಿಟಕಿ ತೆರೆದೇ ಇಟ್ಟು, ಖಾಲಿ ಗಾಡಿ ಬಿಟ್ಟು ಹೋಗುವುದು ಅಲ್ಲಿನ ರೂಢಿ.

ಮತ್ತೊಂದು ಮುಖ್ಯ ಸಂಗತಿ. ಇಲ್ಲಿ ಗೈಡ್ ಇರುವುದಿಲ್ಲ. ಸೆಳೆತ ಯಾವ ಕಡೆ, ಟ್ಯಾಂಕಿನಲ್ಲಿ ಎಷ್ಟು ಗಾಳಿ ಉಳಿದಾಗ ಹಿಂದಿರುಗಬೇಕು, ದಡ ಹತ್ತುವ ಜಾಗ ಎಲ್ಲಿ, ಎಲ್ಲ ನಿಮ್ಮದೇ ಲೆಕ್ಕ. ಹೋಗುವಾಗ ಸೆಳೆತಕ್ಕೆ ಎದುರಾಗಿ, ಬರುವಾಗ ಅದರ ಜೊತೆ. ಐವತ್ತು ಡೈವ್ ಆದವರಿಗೆ ಇದು ದೊಡ್ಡ ಸಂತೋಷ. ಹತ್ತೇ ಡೈವ್ ಆಗಿರುವ ಇಬ್ಬರು ಹೋದರೆ ಮನಸ್ಸಿಗೆ ಸುಮ್ನೆ ಆತಂಕ. ಅಂಥವರು ಮೊದಲೆರಡು ದಿನ ಗೈಡ್ ಗೊತ್ತು ಮಾಡಿಕೊಳ್ಳಿ. ಇಲ್ಲವೇ ಹೋಟೆಲಿನ ಮುಂದೆಯೇ ಹವಳ ಇರುವ ರೆಸಾರ್ಟ್‌ನಲ್ಲಿ ಉಳಿದು, ಅವರ ಕಟ್ಟೆಯಿಂದಲೇ ಇಳಿಯಿರಿ. ಬಡ್ಡಿ ಡೈವ್, ಕ್ಯಾಪ್ಟನ್ ಡಾನ್ಸ್ ಹ್ಯಾಬಿಟ್ಯಾಟ್ ಅಂಥವು. ಹಾಗೆ ಮಾಡಿದರೆ ಭಾರದ ನಡಿಗೆಯೂ ಉಳಿಯುತ್ತದೆ.

ನೋಡಲೇಬೇಕಾದವು ಎರಡು ಹೇಳುತ್ತೇನೆ. ಸಾಲ್ಟ್ ಪಿಯರ್, ಅಂದರೆ ಉಪ್ಪು ಹಡಗಿಗೆ ತುಂಬುವ ಕಟ್ಟೆಯ ಕೆಳಗಿನ ಕಂಬಗಳು. ಹಡಗು ನಿಂತಿದ್ದರೆ ಇಳಿಯುವಂತಿಲ್ಲ. ಮತ್ತೆ ಹಿಲ್ಮಾ ಹೂಕರ್. 1984ರಲ್ಲಿ ಗಾಂಜಾ ಸಾಗಿಸುತ್ತಾ ಸಿಕ್ಕಿಬಿದ್ದು ಅಲ್ಲೇ ಮುಳುಗಿದ 72 ಮೀಟರ್ ಉದ್ದದ ಹಡಗು. 30 ಮೀಟರ್ ಆಳದಲ್ಲಿ ಮಗ್ಗುಲಾಗಿ ಮಲಗಿದೆ. ಅಲ್ಲಿಂದ ಇನ್ನಷ್ಟು ದಕ್ಷಿಣಕ್ಕೆ ಹೋದರೆ ರಸ್ತೆ ಪಕ್ಕದಲ್ಲಿ ಚಿಕ್ಕ ಚಿಕ್ಕ ಕಲ್ಲಿನ ಗೂಡುಗಳಿವೆ. 1850ರ ಸುಮಾರಿಗೆ ಕಟ್ಟಿದ್ದು. ಉಪ್ಪಿನ ಗದ್ದೆಯಲ್ಲಿ ದುಡಿಯುತ್ತಿದ್ದ ಗುಲಾಮರು ಅದರೊಳಗೆ ತೆವಳಿಕೊಂಡು ಹೋಗಿ ಮಲಗುತ್ತಿದ್ದರು. ಪಕ್ಕದ ಡೈವ್ ಜಾಗಗಳಿಗೂ ಅದೇ ಹೆಸರಿದೆ. ನೀರಿಂದ ಮೇಲೆ ಬಂದಾಗ ಅಲ್ಲಿ ಐದು ನಿಮಿಷ ನಿಂತು ನೋಡಿ.

ಕೊಸುಮೆಲ್: ಕೈಕಾಲು ಆಡಿಸುವ ಕೆಲಸವೂ ಇಲ್ಲ

ಬೊನೇರ್‌ಗೆ ಪೂರ್ತಿ ಎದುರು ಇದು. ಮೆಕ್ಸಿಕೋದ ದ್ವೀಪ. ಡಲ್ಲಾಸ್, ಹ್ಯೂಸ್ಟನ್‌ನಂಥ ಊರುಗಳಿಂದ ನೇರ ವಿಮಾನ ಇದೆ. ಕ್ಯಾನ್‌ಕೂನ್‌ಗೆ ಇಳಿದರೆ ಪ್ಲಾಯಾ ದೆಲ್ ಕಾರ್ಮೆನ್‌ವರೆಗೆ ಬಸ್ಸು, ಅಲ್ಲಿಂದ ಮುಕ್ಕಾಲು ಗಂಟೆಯ ಫೆರಿ. ನಾಲ್ಕೈದು ದಿನ ಮಾತ್ರ ಇರುವವರಿಗೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ.

ಬೆಳಿಗ್ಗೆ ಎಂಟರ ಸುಮಾರಿಗೆ ದೋಣಿ ನಿಮ್ಮ ಹೋಟೆಲಿನ ಕಟ್ಟೆಗೇ ಬರುತ್ತದೆ. ಹುಡುಗರು ಟ್ಯಾಂಕಿಗೆ ನಿಮ್ಮ ಬಿಸಿಡಿ (ತೇಲಲು ನೆರವಾಗುವ ಜಾಕೆಟ್), ರೆಗ್ಯುಲೇಟರ್ ಸಿಕ್ಕಿಸಿ ಇಟ್ಟಿರುತ್ತಾರೆ. ಕೂತಲ್ಲೇ ತೋಳು ತೂರಿಸಿಕೊಂಡು ಹಿಮ್ಮುಖವಾಗಿ ಉರುಳಿದರೆ ಆಯಿತು. ಒಳಗೆ ಸೆಳೆತ ನಿಮ್ಮನ್ನು ಎತ್ತಿಕೊಂಡು ಹೋಗುತ್ತದೆ, ಸಾಮಾನ್ಯವಾಗಿ ಉತ್ತರದ ಕಡೆಗೆ. ಪಾಲಂಕಾರ್‌ನ ಹವಳದ ಗೋಪುರಗಳು ಬಸ್ಸಿನ ಕಿಟಕಿಯಲ್ಲಿ ಮರಗಳು ಸರಿಯುವ ಹಾಗೆ ಪಕ್ಕದಲ್ಲಿ ಸರಿಯುತ್ತವೆ. ಮೇಲೆ ದೋಣಿ ನಿಮ್ಮ ಗುಳ್ಳೆಗಳನ್ನು ಹಿಂಬಾಲಿಸುತ್ತಾ ಬರುತ್ತದೆ. ಗೈಡ್ ಬಣ್ಣದ ಬಲೂನು ಬಿಟ್ಟ ಜಾಗಕ್ಕೆ ಬಂದು ಎತ್ತಿಕೊಳ್ಳುತ್ತದೆ. ಎರಡು ಡೈವ್ ಮುಗಿಸಿ ಮಧ್ಯಾಹ್ನ ಒಂದಕ್ಕೆಲ್ಲ ಹೋಟೆಲಿನಲ್ಲಿ ಇರುತ್ತೀರಿ.

ಅಲ್ಲಿನ ಗೈಡುಗಳ ಕಣ್ಣು ಬಹಳ ಚುರುಕು. ನಮ್ಮ ಗೈಡ್ ಒಂದು ಹವಳದ ಅಡಿಗೆ ಟಾರ್ಚ್ ಹಿಡಿದರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕತ್ತಲಲ್ಲಿ ಒಂದು ಚಪ್ಪಟೆ ಮುಖ. ಕಪ್ಪು ಬಿಳಿ ಪಟ್ಟೆ, ಗಡ್ಡದ ಹಾಗೆ ಜೋತಾಡುವ ಎಳೆಗಳು, ರೆಕ್ಕೆಗಳ ಅಂಚಿಗೆ ಹಳದಿ. ಅದು ಟೋಡ್‌ಫಿಶ್. ಈ ಜಾತಿ ಕೊಸುಮೆಲ್ ಸುತ್ತಮುತ್ತ ಬಿಟ್ಟರೆ ಬೇರೆಡೆ ಅಪರೂಪ. ನಾನೊಬ್ಬಳೇ ಹೋಗಿದ್ದರೆ ಖಂಡಿತ ಅದನ್ನು ದಾಟಿ ಹೋಗಿಬಿಡುತ್ತಿದ್ದೆ.

ಕೊರತೆಗಳೂ ಇವೆ. ಅಲ್ಲಿ ಹೊತ್ತು ಅವರದು. ಗುಂಪಿನಲ್ಲಿ ಒಬ್ಬರ ಗಾಳಿ ಬೇಗ ಮುಗಿದರೆ, ಸಣ್ಣ ಅಂಗಡಿಗಳಲ್ಲಿ ಎಲ್ಲರೂ ಒಟ್ಟಿಗೆ ಮೇಲೆ ಬರಬೇಕಾಗಬಹುದು. ದೋಣಿಗೆ ಎಷ್ಟು ಜನ, ಎಷ್ಟು ಗೈಡ್ ಅಂತ ಮೊದಲೇ ಕೇಳಿ. ಸೆಳೆತ ಕೆಲವು ದಿನ ಜೋರಾಗಿರುತ್ತದೆ, ಕೆಳಕ್ಕೆ ಎಳೆಯುವುದೂ ಉಂಟು. ತೇಲುವ ಹಿಡಿತ ಇನ್ನೂ ಬಾರದವರು ಮೊದಲ ದಿನ ಆಳವಿಲ್ಲದ ಹವಳಕ್ಕೇ ಹೋಗಬೇಕು. ಡೆವಿಲ್ಸ್ ಥ್ರೋಟ್ ಅನ್ನುವ ಗುಹೆ ಬಗ್ಗೆ ದೋಣಿಯಲ್ಲಿ ಎಲ್ಲರೂ ಆಸೆ ಹುಟ್ಟಿಸುತ್ತಾರೆ. ಅದು 30 ಮೀಟರ್ ದಾಟುತ್ತದೆ. ಓಪನ್ ವಾಟರ್, ಅಂದರೆ ಮೊದಲ ಹಂತದ ತರಬೇತಿಯ ಕಾರ್ಡ್ ಇರುವವರ ಮಿತಿ 18 ಮೀಟರ್. ಬೇಡ ಅಂದರೆ ಬೇಡ. ಚಳಿಗಾಲದಲ್ಲಿ "ನೋರ್ತೆ" ಅನ್ನುವ ಉತ್ತರದ ಗಾಳಿ ಎದ್ದರೆ ಬಂದರನ್ನೇ ಮುಚ್ಚುತ್ತಾರೆ. ನಾಲ್ಕು ದಿನದ ರಜೆಯಲ್ಲಿ ಎರಡು ದಿನ ಹೀಗೆ ಹೋದರೆ ಬೇಜಾರಾಗುತ್ತದೆ.

ರೊವಾಟಾನ್: ಎಲ್ಲ ಒಂದೇ ಬಿಲ್ಲಿನಲ್ಲಿ

ಹೊಂಡುರಾಸ್‌ನ ದ್ವೀಪ. ಮೆಕ್ಸಿಕೋದಿಂದ ಇಲ್ಲಿವರೆಗೆ ಸುಮಾರು ಸಾವಿರ ಕಿಲೋಮೀಟರ್ ಹಬ್ಬಿರುವ ಹವಳದ ಸಾಲಿನ ಒಂದು ತುದಿ. ಜಗತ್ತಿನ ಅತಿ ಉದ್ದದ ಹವಳದ ಸಾಲುಗಳಲ್ಲಿ ಇದೂ ಒಂದು.

ಇಲ್ಲಿ ಆಂಥನೀಸ್ ಕೀ, ಕೋಕೊ ವ್ಯೂ ಥರದ ರೆಸಾರ್ಟ್‌ಗಳು ವಾರಕ್ಕೆ ಒಂದೇ ರೇಟು ಹೇಳುತ್ತವೆ. ಕೋಣೆ, ಮೂರು ಹೊತ್ತಿನ ಊಟ, ದಿನದ ದೋಣಿ ಡೈವ್‌ಗಳು, ಎಲ್ಲ ಅದರಲ್ಲೇ. ವಿಮಾನ ನಿಲ್ದಾಣದಿಂದ ಅವರೇ ಕರೆದುಕೊಂಡು ಹೋಗುತ್ತಾರೆ. ಮೊದಲ ದಿನ ಸಾಮಾನನ್ನು ಕಟ್ಟೆಯ ಪಕ್ಕದ ಕೋಣೆಯಲ್ಲಿ ಇಟ್ಟರೆ, ಹೊರಡುವ ದಿನವೇ ಮತ್ತೆ ಕೈಗೆತ್ತಿಕೊಳ್ಳುವುದು. ಹವಳ ದಡಕ್ಕೆ ಎಷ್ಟು ಹತ್ತಿರ ಅಂದರೆ ದೋಣಿ ಪ್ರಯಾಣ ಹೆಚ್ಚಿನ ಕಡೆ ಹತ್ತು ಹದಿನೈದು ನಿಮಿಷ ಅಷ್ಟೇ. ಒಂದು ಡೈವ್ ಮುಗಿಸಿ ಬಂದು, ಬಟ್ಟೆ ಬದಲಿಸಿ, ಚಹಾ ಕುಡಿದು ಮತ್ತೆ ಹೊರಡಬಹುದು. ಸೆಳೆತ ಕಡಿಮೆ, ಗೈಡ್ ಇರುತ್ತಾರೆ. ಹೊಸಬರಿಗೂ, ಬೆನ್ನು ನೋವು ಇರುವವರಿಗೂ ಇದಕ್ಕಿಂತ ಸುಲಭದ ಜಾಗ ನನಗೆ ಗೊತ್ತಿಲ್ಲ. ಬೆಲೆಯೂ ಕೇಮನ್‌ಗಿಂತ ಬಹಳ ಕಡಿಮೆ.

ಕಾಟ ಒಂದೇ, ನುಸಿ. ಮರಳ ದಂಡೆಯಲ್ಲಿ ಸಂಜೆ ಕೂತರೆ ಕಾಲೆಲ್ಲ ಕೆಂಪು ದದ್ದು. ಗಾಳಿ ನಿಂತ ಹೊತ್ತಲ್ಲಿ ಜಾಸ್ತಿ. ಎಣ್ಣೆ ಸವರಿಕೊಂಡರೆ ಕಡಿಮೆಯಾಗುತ್ತದೆ, ಕೊಬ್ಬರಿ ಎಣ್ಣೆಯೂ ಆಗುತ್ತದೆ. ಅಕ್ಟೋಬರ್‌ನಿಂದ ಜನವರಿವರೆಗೆ ಮಳೆ, ಆಗ ಬೇಡ. ಅಮೆರಿಕದಿಂದ ನೇರ ವಿಮಾನಗಳು ವಾರಾಂತ್ಯಕ್ಕೇ ಹೆಚ್ಚು. ಹಾಗಾಗಿ ಶನಿವಾರದಿಂದ ಶನಿವಾರ ಅಂತ ರಜೆ ಹಾಕಿ.

ಗ್ರಾಂಡ್ ಕೇಮನ್: ಮನೆಯಲ್ಲಿ ಡೈವ್ ಮಾಡದವರಿದ್ದರೆ

ಅಪ್ಪ ಅಮ್ಮ ಜೊತೆಗೆ ಬರುತ್ತಾರೆ, ಮಕ್ಕಳು ಚಿಕ್ಕವರು ಅಂದರೆ ಇಲ್ಲಿಗೆ ಹೋಗಿ. ಸೆವೆನ್ ಮೈಲ್ ಬೀಚಿನ ಮರಳು ಮೆತ್ತಗೆ. ಸ್ಟಿಂಗ್‌ರೇ ಸಿಟಿಯ ಮರಳ ದಿಬ್ಬದಲ್ಲಿ ಸೊಂಟದ ಮಟ್ಟದ ನೀರಲ್ಲಿ ನಿಂತರೆ ಸಾಕು, ತೊರಕೆ ಮೀನುಗಳು ಕಾಲಿಗೆ ಸವರಿಕೊಂಡು ಹೋಗುತ್ತವೆ. ಈಜು ಬಾರದ ಅಜ್ಜಿಗೂ ಅದು ಆಗುತ್ತದೆ. ಗಾಡಿ ಓಡಿಸುವುದು ನಮ್ಮೂರಿನ ಹಾಗೆ ಎಡಗಡೆ. 2011ರಲ್ಲಿ ಡೈವರ್‌ಗಳಿಗಾಗಿಯೇ ಮುಳುಗಿಸಿದ ಕಿಟಿವೇಕ್ ಹಡಗು ಆಳವಿಲ್ಲದ ನೀರಲ್ಲಿದೆ, ಹೊಸಬರಿಗೂ ಸುಲಭ.

ಖರ್ಚು ಮಾತ್ರ ಜೋರು. ಅಲ್ಲಿನ ಒಂದು ಡಾಲರ್ ಅಂದರೆ ಅಮೆರಿಕದ 1.20 ಡಾಲರ್. ಮೆನು ನೋಡುವಾಗ ಇದು ಮರೆತುಹೋಗುತ್ತದೆ.

ಪಕ್ಕದ ಲಿಟಲ್ ಕೇಮನ್‌ಗೆ ಪುಟ್ಟ ವಿಮಾನದಲ್ಲಿ ಹೋಗಬೇಕು. ಬ್ಲಡಿ ಬೇ ಗೋಡೆ ಅಲ್ಲಿದೆ. ಆರು ಮೀಟರ್‌ನಲ್ಲಿ ಶುರುವಾಗಿ ಕಣ್ಣು ಹೋಗದಷ್ಟು ಆಳಕ್ಕೆ ಇಳಿಯುತ್ತದೆ. ಡೈವ್ ಬಿಟ್ಟು ಆ ದ್ವೀಪದಲ್ಲಿ ಮಾಡಲು ಏನೂ ಇಲ್ಲ. ನನಗೆ ಅದೇ ಇಷ್ಟ.

ಹಡಗಿನಲ್ಲೇ ಉಳಿಯುವ ಲೈವ್‌ಅಬೋರ್ಡ್ ಬಗ್ಗೆಯೂ ಕೇಳುತ್ತಾರೆ. ಹಾಸಿಗೆಯಿಂದ ನೀರಿಗೆ ಹತ್ತು ಹೆಜ್ಜೆ, ದಿನಕ್ಕೆ ನಾಲ್ಕೈದು ಡೈವ್. ಡೈವ್ ಒಂದೇ ಬೇಕು ಅನ್ನುವವರಿಗೆ ಸರಿ. ದೋಣಿಯಲ್ಲಿ ವಾಂತಿ ಆಗುವವರಿಗೆ ಖಂಡಿತ ಬೇಡ, ಅವರಿಗೆ ಬೊನೇರ್ ದಡವೇ ಮೇಲು. ಬೆಲೀಜ್‌ನ ಬ್ಲೂ ಹೋಲ್, ಅಂದರೆ ಕಡಲೊಳಗಿನ ದುಂಡನೆಯ ಆಳದ ಗುಂಡಿಯ ಫೋಟೋ ನೋಡಿ ಮನಸೋತಿದ್ದರೆ ಒಂದು ಮಾತು ನೆನಪಿಡಿ. ಅಲ್ಲಿನ ಆಂಬರ್‌ಗ್ರಿಸ್ ದ್ವೀಪದಿಂದ ದೋಣಿಯಲ್ಲಿ ಎರಡು ಗಂಟೆಗೂ ಹೆಚ್ಚು ಕುಲುಕಾಡಬೇಕು, ಸುಮಾರು 40 ಮೀಟರ್ ಆಳ, ಅಲ್ಲಿ ಇರುವುದು ಕೆಲವೇ ನಿಮಿಷ. ಆರಾಮದ ಪಟ್ಟಿಗೆ ಅದು ಸೇರುವುದಿಲ್ಲ.

ಎಲ್ಲಿಗೆ ಹೋದರೂ ಇಷ್ಟು ನೋಡಿಕೊಳ್ಳಿ

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಬೊನೇರ್, ಅದರ ಪಕ್ಕದ ಕುರಸಾವ್ ದಕ್ಷಿಣಕ್ಕೆ ಇರುವುದರಿಂದ ಅದರ ಹಾದಿಗೆ ಸಿಗುವುದು ಅಪರೂಪ. ಸೆಪ್ಟೆಂಬರ್‌ನಲ್ಲೇ ರಜೆ ಸಿಗುವುದಾದರೆ ಯೋಚನೆ ಮಾಡದೆ ಆ ಕಡೆ ಹೋಗಿ. ಅಪರೂಪ ಅಂದರೆ ಇಲ್ಲವೇ ಇಲ್ಲ ಅಂತಲ್ಲ. 2008ರಲ್ಲಿ ಓಮರ್ ಚಂಡಮಾರುತ ಬಂದಾಗ ಬೊನೇರ್‌ನ ಶಾಂತ ದಡಕ್ಕೇ ಅಲೆ ಹೊಡೆದಿತ್ತು.

ವೀಸಾ ವಿಷಯ ಟಿಕೆಟ್‌ಗಿಂತ ಮೊದಲು. ಭಾರತದ ಪಾಸ್‌ಪೋರ್ಟ್ ಇರುವವರು ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಇಲ್ಲದೆ ಹೋಗಬಹುದು. ಬೇರೆ ದ್ವೀಪಗಳಿಗೆ ಆಯಾ ದೇಶದ ಅಧಿಕೃತ ಪುಟವನ್ನೇ ನೋಡಿ. ಅಮೆರಿಕದ ಕೆಲಸದ ವೀಸಾ, ಅಂದರೆ ಎಚ್-1ಬಿ ಸ್ಟ್ಯಾಂಪ್ ಮುಗಿದಿರುವವರು ಇನ್ನೂ ಹುಷಾರಾಗಿರಬೇಕು. 30 ದಿನದೊಳಗೆ ಹಳೆಯ ಸ್ಟ್ಯಾಂಪ್‌ನಲ್ಲೇ ವಾಪಸ್ ಬರುವ ಸೌಲಭ್ಯ ಅವರಿಗೆ ಇರುವುದು ಮೆಕ್ಸಿಕೋ, ಕೆನಡಾಗೆ ಮಾತ್ರ, ಅದಕ್ಕೂ ಷರತ್ತುಗಳಿವೆ. ಅಮೆರಿಕದ ವೀಸಾ ಚಾಲ್ತಿಯಲ್ಲಿ ಇಲ್ಲದ್ದರಿಂದ ಅವರು ಮೆಕ್ಸಿಕೋದ ವೀಸಾ ಬೇರೆ ಮಾಡಿಸಬೇಕಾಗುತ್ತದೆ. ಬೊನೇರ್‌ಗೆ ಹೋಗಿ ಸಿಕ್ಕಿಹಾಕಿಕೊಳ್ಳಬೇಡಿ. ಯುರೋಪಿನಲ್ಲಿರುವವರಿಗೆ ಲೆಕ್ಕವೇ ಬೇರೆ. ಆಮ್‌ಸ್ಟರ್‌ಡ್ಯಾಮ್‌ನಿಂದ ಬೊನೇರ್‌ಗೆ ನೇರ ವಿಮಾನ ಇದೆ.

ಸಸ್ಯಾಹಾರಿಗಳಿಗೆ ಅಡುಗೆಮನೆ ಇರುವ ಬೊನೇರ್ ಬಾಡಿಗೆ ಮನೆ ಒಳ್ಳೆಯದು. ಸೂಪರ್‌ಮಾರ್ಕೆಟ್‌ನಲ್ಲಿ ಅಕ್ಕಿ, ತರಕಾರಿ, ಮೊಸರು ಸಿಗುತ್ತದೆ. ಪ್ಯಾಕೆಟ್ ಚಟ್ನಿಪುಡಿ ಜೊತೆಗಿದ್ದರೆ ಊಟದ ಚಿಂತೆ ಇಲ್ಲ. ರೊವಾಟಾನ್‌ನಲ್ಲಿ ಬಲೇಯಾದಾ ಸಿಗುತ್ತದೆ. ಮೈದಾ ರೊಟ್ಟಿಯೊಳಗೆ ರಾಜ್ಮಾ ಥರದ ಕಾಳಿನ ಪಲ್ಯ, ಚೀಸ್. ಅಲ್ಲೂ ಕೊಸುಮೆಲ್‌ನಲ್ಲೂ ಕಾಳನ್ನು ಹಂದಿ ಕೊಬ್ಬಿನಲ್ಲಿ ಹುರಿಯುವ ರೂಢಿ ಇದೆ. "ಸಿನ್ ಮಾಂತೇಕಾ", ಅಂದರೆ ಕೊಬ್ಬು ಹಾಕದ್ದು, ಅಂತ ಕೇಳಿಯೇ ತಿನ್ನಿ.

ಸಾಮಾನು ಹೊರುವ ಶ್ರಮ ಉಳಿಸಬೇಕೆಂದರೆ ಮಾಸ್ಕ್, ಡೈವ್ ಕಂಪ್ಯೂಟರ್, ಬೂಟು ಇಷ್ಟನ್ನೇ ಒಯ್ಯಿರಿ. ಉಳಿದದ್ದು ಬಾಡಿಗೆಗೆ ಸಿಗುತ್ತದೆ. ಡೈವಿಂಗ್ ವಿಮೆ ಮಾತ್ರ ಬಿಡಬೇಡಿ. ವರ್ಷದಿಂದ ನೀರಿಗಿಳಿದಿಲ್ಲ ಅಂದರೆ ಹೊರಡುವ ಮೊದಲೇ ಊರಿನ ಈಜುಕೊಳದಲ್ಲಿ ರಿಫ್ರೆಶರ್ ಮುಗಿಸಿ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಹವಳಗಳಿಗೆ ಈಗ ಕಷ್ಟದ ಕಾಲ. ಗಟ್ಟಿ ಹವಳದ ಜೀವಂತ ಪದರವನ್ನು ಕೆಲವೇ ವಾರಗಳಲ್ಲಿ ತಿಂದುಹಾಕುವ ರೋಗವೊಂದು 2014ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡಿತು. 2018ಕ್ಕೆ ಮೆಕ್ಸಿಕೋ, 2020ಕ್ಕೆ ರೊವಾಟಾನ್ ಮತ್ತು ಕೇಮನ್, 2023ಕ್ಕೆ ಬೊನೇರ್ ಮುಟ್ಟಿತು. ಅದೇ 2023ರ ಬೇಸಿಗೆಯಲ್ಲಿ ನೀರು ಕಾದು ಎಲ್ಲೆಡೆ ಹವಳ ಬಿಳಿಚಿಕೊಂಡಿತು. ಹತ್ತು ವರ್ಷದ ಹಿಂದಿನ ಫೋಟೋ ನೋಡಿಕೊಂಡು ಹೋದರೆ ಕೆಲವು ಕಡೆ ಮನಸ್ಸಿಗೆ ನೋವಾಗುತ್ತದೆ. ಮೀನು, ಕಡಲಾಮೆ, ಸ್ಪಂಜುಗಳು ಈಗಲೂ ಸೊಗಸಾಗಿವೆ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವಾಗ ಸಾಮಾನನ್ನು ಸೋಂಕುನಾಶಕದಲ್ಲಿ ತೊಳೆದು ಒಣಗಿಸಿ. ಹವಳಕ್ಕೆ ವಿಷವಾಗುವ ಸನ್‌ಸ್ಕ್ರೀನ್ ಬೇಡ, ಉದ್ದ ತೋಳಿನ ಅಂಗಿ ಹಾಕಿ.

ಕೊನೆಯ ದಿನದ ಲೆಕ್ಕ. ದಿನಾ ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕಡಿಮೆ ಅಂದರೂ 18 ಗಂಟೆ ಬಿಡಬೇಕು. ನಾನು ಪೂರ್ತಿ 24 ಗಂಟೆ ಬಿಡುತ್ತೇನೆ. ಅಂದರೆ ಏಳು ದಿನದ ರಜೆಯಲ್ಲಿ ಡೈವ್‌ಗೆ ಸಿಗುವುದು ಐದೇ ದಿನ.

ತಂಗಿಯ ಗಂಡನಿಗೆ ಬೆನ್ನು ನೋವು. ಮಗಳಿಗೆ ಎಂಟು ವರ್ಷ. ಟ್ಯಾಂಕ್ ಹೊರುವ ಬೊನೇರ್ ಅಲ್ಲಿಗೇ ಬಿಟ್ಟುಹೋಯಿತು. ಮಾರ್ಚ್ ಅಂದರೆ ಕೊಸುಮೆಲ್‌ನಲ್ಲಿ ಉತ್ತರದ ಗಾಳಿಯ ಭಯ ಇನ್ನೂ ಇರುತ್ತದೆ. ಕೇಮನ್ ಖರ್ಚು ಕೇಳಿ ಅವಳೇ ಬೇಡ ಅಂದಳು. ರೊವಾಟಾನ್‌ನ ಒಂದು ರೆಸಾರ್ಟ್‌ಗೆ ಬರೆದು ಎರಡೇ ಪ್ರಶ್ನೆ ಕೇಳಿದಳು. ಎಂಟು ವರ್ಷದವರಿಗೆ ಎರಡು ಮೀಟರ್ ಆಳದಲ್ಲಿ ಉಸಿರಾಡಲು ಕಲಿಸುವ ಬಬಲ್‌ಮೇಕರ್ ಇದೆಯಾ? ಇಬ್ಬರೂ ಡೈವ್‌ಗೆ ಹೋದಾಗ ಮಗಳನ್ನು ನೋಡಿಕೊಳ್ಳುವವರು ಇದ್ದಾರಾ? ಎರಡಕ್ಕೂ ಹೌದು ಅಂತ ಉತ್ತರ ಬಂತು. ಅವತ್ತೇ ರಾತ್ರಿ ಶನಿವಾರದ ಟಿಕೆಟ್ ಮಾಡಿದಳು. ಈಗ ಮಗಳಿಗೆ ಸರಿಹೊಂದುವ ಮಾಸ್ಕ್ ಹುಡುಕುತ್ತಿದ್ದಾಳೆ.